ಎರಡು ಸೀನು, ಒಂದು ಆದೇಶ

ಈ ಮೂಲಕ ಸಮಸ್ತರಿಗೂ ತಿಳಿಸುವುದೇನೆಂದರೆ, ಭಾವಿಕೇರಿಯ ತುಳಸಿದಾಸರ ಸೊಸೆ ಕವಿತಾ ಸೋಮವಾರ ಬೆಳಿಗ್ಗೆ ಏಳೂಕಾಲಿಗೆ ಎರಡು ಸಲ ಸೀನಿದಳು.

ಮಧ್ಯಾಹ್ನಕ್ಕೆ ಜ್ವರವೂ ಬಂತು. ತುಳಸಿದಾಸರು ಕಾರವಾರದ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಫೈಲು ನೋಡಿದವರು. ನಿವೃತ್ತಿಯಾದದ್ದು ಅವರಿಗೆ, ಅವರ ಆದೇಶಗಳಿಗಲ್ಲ. ಮಾಜಿ ಅಧೀಕ್ಷಕರ ಹಾಲಿ ಚಿಂತೆ ಹಾಲಿನದು. ಫ್ರಿಜ್ಜಿನ ಬಾಗಿಲಿಗೆ ಕಾಗದ ಅಂಟಿಸಿದರು: ಜ್ವರ ಇಳಿಯುವ ತನಕ ಮೂರು ತಿಂಗಳ ಪ್ರೇಕ್ಷಾಳಿಗೆ ತಾಯಿಹಾಲು ನಿಷೇಧಿಸಲಾಗಿದೆ. ಡಬ್ಬಿಹಾಲು ತರಲು ಮಗ ನಾಗೇಶ ಅಂಕೋಲೆಗೆ ಹೋದ.

ಕವಿತಾ ಕೈಗೆ ಸೋಪು ಹಚ್ಚಿ ತೊಳೆದು, ಮಾಸ್ಕ್ ಏರಿಸಿ, ಅದೇ ಕಾಗದದ ಕೆಳಗೆ ಕುರ್ಚಿ ಹಾಕಿಕೊಂಡು ಮಗುವಿಗೆ ಹಾಲೂಡಿಸತೊಡಗಿದಳು.

"ಆದೇಶ ಓದ್ಲಿಲ್ವಾ?" ಮಾವ ಗೋಡೆ ಕಡೆ ಮುಖ ಮಾಡಿ ಕೇಳಿದರು.

"ಓದಿದೆ ಮಾವ. ಸೀಲು ಒಂದು ಕಾಣ್ಲಿಲ್ಲ."

"ವೈರಸ್ಸು ಹಾಲಿಗೆ ಇಳೀತದೆ."

"ಇಳಿಯೂದು ವೈರಸ್ಸಲ್ಲ, ಅದರ ಸಂಗ್ತಿ ಜಗಳ ಮಾಡೂಕೆ ನನ್ನ ಮೈ ತಯಾರು ಮಾಡಿದ ದಂಡು. ನಾ ಸೀನಿದ್ದು ಇದರ ಮೂಗಿಗೆ ಹೋಗಿ ಎಷ್ಟೊತ್ತಾಯ್ತೋ. ಈಗ ಹಾಲು ನಿಲ್ಸಿದ್ರೆ ಮಗುಗೆ ವೈರಸ್ಸು ಕೊಟ್ಟು ದಂಡನ್ನ ನಾನೇ ಇಟ್ಕೊಂಡ ಹಾಗೆ."

"ಯಾರು ಹೇಳಿದ್ದು?"

"ಡಾಕ್ಟ್ರು. ಫೋನಲ್ಲಿ."

"ಲಿಖಿತದಲ್ಲಿ ಉಂಟಾ?"

"ಇಲ್ಲ. ನಾ ಹಾಲು ನಿಲ್ಸೂದೂ ಇಲ್ಲ."

ಸಂಜೆ ಡಬ್ಬಿ ಬಂತು. ಆ ಮನೆಯಲ್ಲಿ ಉಪ್ಪಿನ ಪ್ಯಾಕೆಟ್ಟನ್ನೂ ಲೇಬಲ್ ಪೂರ್ತಿ ಓದದೆ ಒಡೆಯುವಂತಿಲ್ಲ. ಅದು ತುಳಸಿದಾಸರದೇ ನಿಯಮ. ಕನ್ನಡಕ ಏರಿಸಿ ಗಟ್ಟಿಯಾಗಿ ಶುರು ಮಾಡಿದರು: "ತಾಯಿಯ ಹಾಲೇ ನಿಮ್ಮ ಮಗುವಿಗೆ..." ದನಿ ಇಳಿಯಿತು.

"ಮುಂದೆ ಓದಿ ಮಾವ. ಮಗು ಕೇಳ್ತಾ ಉಂಟು."

"...ಉತ್ತಮ. ಆರೋಗ್ಯ ಕಾರ್ಯಕರ್ತರ ಸಲಹೆಯ ಮೇರೆಗೆ ಮಾತ್ರ ಬಳಸತಕ್ಕದ್ದು."

ಸಲಹೆ ಬೇಕೆಂದರೆ ಪಡೆಯಲೇಬೇಕು. ಮೂರು ಮನೆ ಆಚೆಯ ಆಶಾ ಕಾರ್ಯಕರ್ತೆ ನಾಗಮ್ಮನಿಗೆ ಕರೆ ಹೋಯಿತು. ತುಳಸಿದಾಸರು ಬಿಳಿ ಹಾಳೆ, ಪೆನ್ನು ಸಿದ್ಧವಾಗಿಟ್ಟಿದ್ದರು. ನಾಗಮ್ಮ ಕವಿತಾಳ ಹಣೆ ಮುಟ್ಟಿದಳು, ಚಪ್ಪರಿಸುತ್ತಿದ್ದ ಮಗುವನ್ನು ನೋಡಿದಳು, ಪೆನ್ನಿನ ಮುಚ್ಚಳ ಹಾಕಿದಳು.

"ಫ್ಲೂ ಬಂದ್ರೂ ಕುಡ್ಸೂಕೆ ಹೇಳಿ ಅಂತ ನಮ್ಗೆ ತರಬೇತೀಲಿ ಕಲ್ಸಿದಾರೆ. ಡಬ್ಬಿ ಕೊಡಿ ಅಂತ ನಾ ಬರ್ಕೊಡೂದಿಲ್ಲ, ತುಳಸಣ್ಣ."

ತುಳಸಿದಾಸರು ಡಬ್ಬಿಯನ್ನು ಒಡೆಯದೆ ಪಕ್ಕಕ್ಕಿಟ್ಟರು. ನಿಯಮ ಮೀರುವುದು ಅವರಿಂದಾಗದು. ಕೊನೆಗೆ ಎದ್ದು, ಫ್ರಿಜ್ಜಿನ ಮೇಲಿನ ಕಾಗದಕ್ಕೆ ಕೆಂಪು ಶಾಯಿಯಲ್ಲಿ ಷರಾ ಬರೆದರು: 'ಸಕ್ಷಮ ಪ್ರಾಧಿಕಾರದ ಸಲಹೆ ಲಭ್ಯವಿಲ್ಲದ ಕಾರಣ ಈ ಆದೇಶವನ್ನು ತಡೆಹಿಡಿಯಲಾಗಿದೆ.'

ಅವರು ಸಹಿ ಹಾಕುವಷ್ಟರಲ್ಲಿ ಕವಿತಾ ಮಗುವನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡಾಗಿತ್ತು.