ಬೆಂಕಿಯಿಲ್ಲದೆ ಹಿಗ್ಗಿದ ಕಬ್ಬಿಣ

ಕಬ್ಬಿಣದ ವಿಷಯದಲ್ಲಿ ಹುನಗುಂದದ ಇಮಾಮಸಾಬನಿಗೆ ಬುದ್ಧಿ ಹೇಳುವ ಗಂಡಸು ಸುತ್ತ ಹತ್ತೂರಲ್ಲಿ ಇರಲಿಲ್ಲ. ಬಂಡಿಯ ಗಾಲಿಗೆ ಕಬ್ಬಿಣದ ಹಳಿ ಕಟ್ಟುವುದು ಅವನ ಕಸುಬು. ಹಳಿಯನ್ನು ಗಾಲಿಗಿಂತ ತುಸು ಚಿಕ್ಕದಾಗಿ ಬಡಿದು ಕೆಂಪಗೆ ಕಾಯಿಸಿದರೆ ಹಿಗ್ಗುತ್ತದೆ. ಗಾಲಿಗೆ ತೊಡಿಸಿ ನೀರು ಸುರಿದರೆ ಕುಗ್ಗಿ ಕಚ್ಚಿಕೊಳ್ಳುತ್ತದೆ. ಕಬ್ಬಿಣ ಹಿಗ್ಗಬೇಕಾದರೆ ಬೆಂಕಿ ಬೇಕು. ಅದರಾಚೆಗಿನ ಮಾತೆಲ್ಲ ಅವನ ಪಾಲಿಗೆ ಹರಟೆ.

ಅಂಥವನ ಮನೆಗೆ ಹೆಣ್ಣು ಕೇಳಲು ಬಂದ ಖಾದರಬಾಷಾ, ಬಾಗಲಕೋಟೆ ಸ್ಟೇಷನ್ನಿನಲ್ಲಿ ತಂತಿಸುದ್ದಿ ಕಳಿಸುವ ತಾರಬಾಬು, ಶರಬತ್ತು ಕುಡಿದು ತೆಪ್ಪಗಿರಬಾರದೆ? ಮಾವನಾಗುವವನನ್ನು ಮೆಚ್ಚಿಸಲು ಹೋಗಿ ಬಾಯಿ ಬಿಟ್ಟ.

“ಬೆಂಕಿ ಇಲ್ದನೂ ಕಬ್ಬಿಣ ಹಿಗ್ಗತೈತ್ರಿ ಚಾಚಾ. ಸುತ್ತ ತಾಮ್ರದ ತಂತಿ ಸುತ್ತಿ ಬಿಜಲಿ ಬಿಟ್ರ ಸೂಜಿಗಲ್ಲಾಗಿ ಉದ್ದ ಆಗತೈತಿ. ಕೂದಲೆಳಿಗಿಂತ ಭಾಳ ಕಡಿಮಿ, ಆದ್ರ ಆಗೋದು ಖರೆ.”

“ಕಣ್ಣಿಗೆ ಕಾಣದ್ದನ್ನ ಖರೆ ಅಂತೀಯಲ್ಲ! ನನ್ನ ಕುಲಿಮ್ಯಾಗ ತೋರ್ಸು. ತೋರಿಸಿದ್ರ ನಿಕಾಹ. ಇಲ್ಲಾಂದ್ರ ಸುಳ್ಳ ಹೇಳಾವಗ ನಾ ಮಗಳನ್ನ ಕೊಡಾಂಗಿಲ್ಲ.”

ಹುಡುಗ ಮೋರೆ ಸಣ್ಣದು ಮಾಡಿಕೊಂಡು ಹೋದ ಮೇಲೆ ಹೆಂಡತಿ ದೌಲತಬಿ ಬಾಗಿಲಲ್ಲಿ ನಿಂತಳು.

“ನಿಮಗ ಸುಳ್ಳಿನ ಚಿಂತಿ ಇಲ್ಲ. ರೋಷನಬಿ ಹೋದ್ರ ತಿದಿ ಒತ್ತಾವರು ಯಾರು ಅನ್ನೋ ಚಿಂತಿ.”

ಮಾತು ನಾಟಿತು. ಹತ್ತು ವರ್ಷದವಳಿದ್ದಾಗಿನಿಂದ ಕುಲುಮೆಯ ಬೆಂಕಿಗೆ ಗಾಳಿಯೂದುವ ತಿದಿ ಒತ್ತುತ್ತಿದ್ದವಳು ಮಗಳು. ಕಬ್ಬಿಣಕ್ಕೆ ಎಷ್ಟು ಕಾವು ಬಂತೆಂದು ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಅವಳಿಲ್ಲದ ಕುಲುಮೆಯನ್ನು ನೆನೆಯಲೂ ಅವನಿಗೆ ಮನಸ್ಸಿರಲಿಲ್ಲ. ಅದನ್ನು ಹೆಂಡತಿಯೆದುರು ಒಪ್ಪಿಕೊಳ್ಳುವುದುಂಟೆ? ಸಾರಿಗೆ ಉಪ್ಪಿಲ್ಲವೆಂದು ಕೂಗಾಡಿ ಎದ್ದುಹೋದ.

ಎರಡು ತಿಂಗಳಿಗೆ ಖಾದರಬಾಷಾ ಬಂಡಿ ಹೂಡಿಸಿಕೊಂಡು ಬಂದೇಬಿಟ್ಟ. ಇಳಿಸಿದ್ದು ಗಾಜಿನ ಭರಣಿಗಳ ಬ್ಯಾಟರಿ, ಮತ್ತು ಎರಡು ಮೊಳದ ಬಿದಿರುಕೊಳವೆ. ಕೊಳವೆಗೆ ನೂಲು ಹೊದಿಸಿದ ತಂತಿಯನ್ನು ಪದರ ಪದರವಾಗಿ ಸುತ್ತಿದ್ದ. ಗಾಲಿ ಒಯ್ಯಲು ಬಂದಿದ್ದ ರೈತ ರಾಚಪ್ಪ ತಮಾಷೆ ನೋಡಲು ಅಲ್ಲೇ ಕುಕ್ಕರಗಾಲಲ್ಲಿ ಕುಳಿತ. ದೌಲತಬಿಯೂ ರೋಷನಬಿಯೂ ಒಳಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಹುಡುಗ ಕೊಳವೆಯೊಳಗೆ ಕಬ್ಬಿಣದ ಸರಳು ತೂರಿಸಿ, ಒಂದು ತುದಿಯನ್ನು ಅಡಿಗಲ್ಲಿಗೆ ಬಿಗಿದ. ಇನ್ನೊಂದು ತುದಿಯ ಕೆಳಗೆ ಹೊಲಿಗೆಯ ಸೂಜಿ ಅಡ್ಡಲಾಗಿಟ್ಟು, ಸೂಜಿಗೆ ಕನ್ನಡಿಯ ಚೂರು ಅಂಟಿಸಿದ. ಸರಳು ತುಸು ಉದ್ದವಾದರೂ ಸೂಜಿ ಉರುಳಿ ಕನ್ನಡಿ ವಾಲಬೇಕು. ಮಾಳಿಗೆಯ ಬೆಳಕಿಂಡಿಯಿಂದ ಬಿದ್ದ ಬಿಸಿಲು ಆ ಕನ್ನಡಿಗೆ ತಾಗಿ, ಎದುರಿನ ಮಸಿಗೋಡೆಯ ಮೇಲೆ ಬಿಳಿ ಚುಕ್ಕೆಯಾಗಿ ನಿಂತಿತು. ಇಮಾಮಸಾಬ ಅದರ ಪಕ್ಕ ಸುಣ್ಣದ ಗೆರೆ ಎಳೆದ.

ಖಾದರಬಾಷಾ ತಂತಿ ಕೂಡಿಸಿದ. ಸರಳು ‘ಟಿಕ್’ ಎಂದಿತು, ಚುಕ್ಕೆ ಎರಡು ಬೆರಳು ಸರಿಯಿತು.

“ಕಾವು ಅದು ತಮ್ಮಾ, ಕಾವು!” ರಾಚಪ್ಪ ನಕ್ಕ. “ತಂತಿ ಮುಟ್ಟಿ ನೋಡು, ಬೆಚ್ಚಗ ಆಗೈತಿ. ಹೌದಲ್ರಿ ಇಮಾಮಸಾಬ? ನೀವ ಹೇಳ್ರಿ, ನೀವು ಅಂದ್ರ ಅಂದಂಗ.”

ತಂತಿ ಬೆಚ್ಚಗಾಗಿದ್ದು ನಿಜ. ಹುಡುಗನ ಮುಖ ಬಿಳಿಚಿತು. ಇಮಾಮಸಾಬ ‘ಹೌದು’ ಎಂದರೆ ಮುಗಿಯಿತು, ಮಗಳು ಮನೆಯಲ್ಲೇ ಉಳಿಯುತ್ತಾಳೆ. ಆ ‘ಹೌದು’ ನಾಲಿಗೆಯ ತುದಿಗೂ ಬಂದಿತ್ತು.

ಆದರೆ ಕಣ್ಣು ಕೇಳಬೇಕಲ್ಲ! ಗೆರೆಯಿಂದ ಜಿಗಿದ ಚುಕ್ಕೆ ಈಗ ಸದ್ದಿಲ್ಲದೆ ಇರುವೆಯಂತೆ ಮುಂದೆ ತೆವಳುತ್ತಿತ್ತು.

“ತಂತಿ ಬಿಡಿಸು,” ಎಂದ.

ಮತ್ತೆ ‘ಟಿಕ್’. ಚುಕ್ಕೆ ಒಂದೇ ನೆಗೆತಕ್ಕೆ ಹಿಂದೆ ಬಂತು. ಆದರೆ ಗೆರೆ ಮುಟ್ಟಲಿಲ್ಲ, ತೆವಳಿದಷ್ಟು ದೂರ ಆಚೆಗೇ ನಿಂತಿತು. ಇನ್ನೂ ನಾಲ್ಕು ಸಲ ಮಾಡಿಸಿದ. ನಾಲ್ಕು ಸಲವೂ ಹಾಗೆಯೇ.

“ರಾಚಪ್ಪಾ, ಕಾವು ಅಂದ್ರ ಬೀಗರಿದ್ದಂಗ. ಬರೋದೂ ಸಾವಕಾಶ, ಹೋಗೋದೂ ಸಾವಕಾಶ,” ಎಂದ ಇಮಾಮಸಾಬ. “ಆ ತೆವಳೂದು ಕಾವು, ಅದು ನಂದು. ಜಿಗಿಯೂದು ಕಾವಲ್ಲ. ಅದು ಈ ಹುಡುಗಂದು. ಇಂವ ಹೇಳಿದ್ದು ಖರೆ ಐತಿ.”

ರಾಚಪ್ಪ ಬಾಯಿ ತೆರೆದು ಕುಳಿತ. ದೌಲತಬಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು. ಖಾದರಬಾಷಾ ಕಾಲು ಮುಟ್ಟಲು ಬಗ್ಗಿದಾಗ ಇಮಾಮಸಾಬ, “ಮೊದಲ ನಿನ್ನ ಭರಣಿ ಸರಿಸು, ಒದ್ದುಗಿದ್ದೇನು,” ಎಂದು ಗದರಿದ.

ಎಲ್ಲರೂ ಹೊರಗೆ ಹೋದ ಮೇಲೆ ರೋಷನಬಿ ಕುಲುಮೆಯ ಹತ್ತಿರ ಬಂದು ನಿಂತಳು.

“ಅಬ್ಬಾಜಾನ್, ಕಾವು ಅಂತ ಅಂದುಬಿಟ್ಟಿದ್ರ ಎಲ್ಲಾರೂ ನಂಬತಿದ್ರಲ್ಲ?”

ಅವನು ಮಗಳ ಮುಖ ನೋಡಲಿಲ್ಲ.

“ನೀ ನಂಬತಿದ್ದಿಲ್ಲ, ಬೇಟಾ,” ಎಂದ.