ನಾಲ್ಕನೆಯ ಹಿಡಿ

ಶವಪೆಟ್ಟಿಗೆಯ ನಾಲ್ಕನೆಯ ಹಿಡಿಗೆ ಉದ್ದಣ್ಣ ಕೈ ಹಾಕಿದ್ದೇ ತಡ, ಎಡಚನ ಹೆಂಡತಿ ಕುರ್ಚಿಯಿಂದ ಎದ್ದಳು.

"ಅದನ್ನ ಬಿಡಿ."

ದನಿ ಏರಿರಲಿಲ್ಲ. ಆದರೂ ಗೋಡೆಗೊರಗಿ ನಿಂತಿದ್ದವರೆಲ್ಲ ಮಾತು ನಿಲ್ಲಿಸಿದರು. ಉಳಿದ ಮೂರು ಹಿಡಿಗಳ ಮುಂದೆ ಬಗ್ಗಿದ್ದ ಮೂವರು, ಪಕ್ಕದ ಮನೆಯ ಬಡಗಿ, ಟೆನಿಸ್ ಕ್ಲಬ್ಬಿನ ಅಂಗಳ ನೋಡಿಕೊಳ್ಳುವವನು, ರ‍್ಯಾಕೆಟ್ಟುಗಳಿಗೆ ತಂತಿ ಬಿಗಿಯುವ ತಂತಿ ಮೇಷ್ಟ್ರು, ಬಗ್ಗಿದಲ್ಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅತ್ತಿಗೆ, ನಾನು ಮಾತು ಕೊಟ್ಟಿದ್ದೀನಿ," ಎಂದ ಉದ್ದಣ್ಣ.

"ನಿಮ್ಮ ಮಾತು ಎಷ್ಟು ಗಟ್ಟಿ ಅಂತ ಈ ಮನೆಗೆ ಗೊತ್ತು. ನನ್ನ ತಮ್ಮ ದಾರೀಲಿದಾನೆ. ಬಂದು ಹಿಡೀತಾನೆ."

ಉದ್ದಣ್ಣ ಕೈ ತೆಗೆದ.

ಮಾತು ಕೊಟ್ಟಿದ್ದು ಮೀಸೆ ಸರಿಯಾಗಿ ಮೂಡದ ವಯಸ್ಸಿನಲ್ಲಿ, ಚಕ್ರ ಪಂಕ್ಚರ್ ಆಗಿ ನಿಂತಿದ್ದ ಬಸ್ಸಿನ ಕೊನೆಯ ಸೀಟಿನಲ್ಲಿ. ಅವತ್ತು ಅವನೂ ಎಡಚನೂ ಸಿಂಗಲ್ಸ್‌ನಲ್ಲಿ ಮೊದಲ ಸುತ್ತಿಗೇ ಸೋತಿದ್ದರು, ಸುಮ್ಮನೆ ಕೈಗೂಡಿಸಿ ಆಡಿದ ಡಬಲ್ಸ್‌ನಲ್ಲಿ ಗೆದ್ದಿದ್ದರು. ಬಾಳೆಹಣ್ಣು ಸುಲಿಯುತ್ತಾ ಎಡಚ ಹೇಳಿದ್ದ, "ಇನ್ನು ಮೇಲೆ ಸಾಯೋವರೆಗೂ ಜೋಡಿ ಕಣೋ. ನಾನು ಮೊದಲು ಹೋದ್ರೆ ನೀನು ಹೆಗಲು ಕೊಡಬೇಕು. ನೀನು ಮೊದಲು ಹೋದ್ರೆ ನಾನು ಕೂಲಿಯವರನ್ನ ಕರೀತೀನಿ. ನಿನ್ನ ಉದ್ದಕ್ಕೆ ನನ್ನ ಹೆಗಲು ಎಲ್ಲಿ ಸಾಲತ್ತೆ?" ಉದ್ದಣ್ಣ ನಗುತ್ತಲೇ ಆಯಿತು ಎಂದಿದ್ದ. ಆಮೇಲೆ ಯಾರ ಮಣ್ಣಿಗೆ ಹೋದರೂ ವಾಪಸು ಬರುವಾಗ ಎಡಚ ಅವನ ಹೆಗಲನ್ನು ಒಮ್ಮೆ ತಟ್ಟಿ ನೋಡುತ್ತಿದ್ದ, ಎತ್ತಿನ ಹೆಗಲು ನೋಡುವವನ ಹಾಗೆ.

*

ಮನೆ ಓಣಿಯ ಕೊನೆಯಲ್ಲಿತ್ತು. ವಾಹನ ಒಳಗೆ ಬರುವಂತಿರಲಿಲ್ಲ. ಎರಡೂ ಕಡೆ ನಿಲ್ಲಿಸಿದ್ದ ಸ್ಕೂಟರುಗಳ ನಡುವೆ ಪೆಟ್ಟಿಗೆಯನ್ನು ಹೆಗಲ ಮೇಲೇ ಒಯ್ದು ರಸ್ತೆ ಮುಟ್ಟಿಸಬೇಕು. ಅದಕ್ಕೆ ನಾಲ್ಕು ಜನ ಬೇಕು, ಐದನೆಯವನಿಗೆ ಜಾಗವಿಲ್ಲ. ಬಂದವರಲ್ಲಿ ಹೆಚ್ಚಿನವರು ಒಂದೋ ಎಡಚನಿಗಿಂತ ಮುದುಕರು, ಇಲ್ಲ ಅವನ ಬಳಿ ಆಟ ಕಲಿಯುತ್ತಿದ್ದ ಮಕ್ಕಳ ತಾಯಂದಿರು. ವಾಹನದ ಚಾಲಕ ಆಗಲೇ ಎರಡು ಸಲ ಬಂದು, ಇನ್ನೊಂದು ಮನೆಯವರು ಕಾಯುತ್ತಿದ್ದಾರೆ, ಬೇಗ ಆಗಲಿ ಎಂದು ಹೋಗಿದ್ದ.

ಉದ್ದಣ್ಣ ಮೆಟ್ಟಿಲ ಬಳಿ ನಿಂತಿದ್ದ. ತಾಯಂದಿರಲ್ಲಿ ಒಬ್ಬಳು ಇನ್ನೊಬ್ಬಳಿಗೆ ಅವನ ಕತೆ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ದೊಡ್ಡ ಪಂದ್ಯ ಗೆದ್ದ ಮೇಲೆ ಸರ್ ಅವರನ್ನು ನಡುನೀರಿನಲ್ಲಿ ಕೈಬಿಟ್ಟವನು ಇವನೇ ಅಂತೆ. ಮುಂದಿನ ಪಂದ್ಯಕ್ಕೆ ಹೆಸರು ಬರೆಸುವ ಮೇಜಿನ ಹತ್ತಿರ ಸರ್ ಬೆಳಗಿನಿಂದ ಕಾದರಂತೆ, ಇವನು ಬೇರೆಯವನ ಜೊತೆ ಹೆಸರು ಕೊಟ್ಟು ಹಿಂದಿನ ಬಾಗಿಲಿಂದ ಹೋದನಂತೆ. ಕೇಳುತ್ತಿದ್ದವಳು ಉದ್ದಣ್ಣನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದಳು.

ತಂತಿ ಮೇಷ್ಟ್ರು ಪಕ್ಕಕ್ಕೆ ಬಂದು ನಿಂತ.

"ಹೇಳಿಬಿಡೋ."

"ಏನನ್ನ?"

"ನನ್ನ ಹತ್ರ ನಾಟಕ ಬೇಡ. ನೀವು ಗೆದ್ದ ವರ್ಷ ಎಡಚನ ರ‍್ಯಾಕೆಟ್ಟುಗಳೆಲ್ಲ ನನ್ನ ಕೈ ಮೇಲೇ ಹೋದವು. ಚೆಂಡು ಚೌಕಟ್ಟಿಗೆ ಬಡಿದು ಬಡಿದು ಬಣ್ಣವೇ ಹೋಗಿತ್ತು. ಕಣ್ಣು ಸರಿ ಇದ್ದವನು ಹಂಗೆ ಹೊಡೆಯಲ್ಲ." ಮೇಷ್ಟ್ರು ದನಿ ತಗ್ಗಿಸಿದ. "ನೀನು ಹೇಳ್ತೀಯೋ, ನಾನು ಹೇಳ್ಲೋ?"

*

ಅದು ಶುರುವಾದದ್ದು ಬಲಗಡೆಯ ಗೆರೆಯ ಗುಂಟ ಬಂದ ಒಂದು ಚೆಂಡಿನಿಂದ. ಎಡಚ ಅಂಗಳದ ಬಲಭಾಗದಲ್ಲಿ ನಿಲ್ಲುತ್ತಿದ್ದ, ಉದ್ದಣ್ಣ ಎಡಭಾಗದಲ್ಲಿ. ಹಾಗೆ ನಿಂತರೆ ಇಬ್ಬರ ಗಟ್ಟಿ ಕೈಯೂ ನಡುವಿಗೆ ಬರುತ್ತಿತ್ತು, ನಡುವೆ ಬಂದ ಚೆಂಡು ಬದುಕಿ ಹೋಗುತ್ತಿರಲಿಲ್ಲ. ಒಬ್ಬೊಬ್ಬನೇ ಆಡಿದರೆ ಇಬ್ಬರೂ ಅಷ್ಟಕ್ಕಷ್ಟೆ. ಜೋಡಿಯಾಗಿ ನಿಂತರೆ ದೊಡ್ಡ ದೊಡ್ಡ ಹೆಸರಿನವರು ಕೂಡ ಅವರ ಎದುರು ಬರಲು ಹಿಂದೆಮುಂದೆ ನೋಡುತ್ತಿದ್ದರು.

ಅವತ್ತು ಚೆಂಡು ಎಡಚನ ಬಲಕ್ಕೆ ಒಂದು ಮೊಳ ದೂರದಲ್ಲಿ ಹೋಯಿತು. ಅವನು ಕದಲಲೇ ಇಲ್ಲ. ನಿದ್ದೆ ಮಾಡ್ತಿದೀಯಾ ಎಂದು ಉದ್ದಣ್ಣ ಬೈದ. ಎಡಚ ನಕ್ಕ. ಮೂರನೆಯ ಸಲ ಹಾಗಾದಾಗ ನಗಲಿಲ್ಲ. ಆ ಸಂಜೆ, ಇಬ್ಬರೂ ಹಂಚಿಕೊಂಡಿದ್ದ ಅಗ್ಗದ ಕೋಣೆಯಲ್ಲಿ ಮಂಚದ ಮೇಲೆ ಕೂತು, ಬಲಗಣ್ಣಿನ ಅಂಚು ಮಸುಕಾಗುತ್ತಾ ಬಂದಿದೆ, ವೈದ್ಯರು ಇದು ವಾಪಸು ಬರುವ ದೃಷ್ಟಿಯಲ್ಲ ಎಂದಿದ್ದಾರೆ ಎಂದು ಹೇಳಿದ.

ಆ ವರ್ಷವನ್ನು ಅವರು ಬಾಯಿಂದ ಆಡಿದರು. ಚೆಂಡು ಬಲಕ್ಕೆ ಬರುವುದು ಕಂಡರೆ ಉದ್ದಣ್ಣ ಕೂಗಬೇಕು, ಎಡಚ ಕುರುಡಾಗಿ ಅತ್ತ ಕೈ ಬೀಸಬೇಕು. ಎದುರಾಳಿಗಳು ಗದ್ದಲವೆಂದು ದೂರು ಕೊಟ್ಟರು. ಪತ್ರಿಕೆಯವರು ಬಾಯಿಬಡುಕ ಜೋಡಿ ಎಂದು ಬರೆದರು. ತಮ್ಮ ಬದುಕಿನ ಎಲ್ಲಕ್ಕಿಂತ ದೊಡ್ಡ ಬಹುಮಾನವನ್ನು ಅವರು ಗೆದ್ದದ್ದು ಹಾಗೆ, ಮೂರು ಕಣ್ಣಿನಲ್ಲಿ.

ಗೆದ್ದ ಮೇಲೆ ಎಡಚನೇ ಹೇಳಿದ, ಇನ್ನು ಸಾಕು, ನೀನು ಬೇರೆಯವನನ್ನು ಹುಡುಕಿಕೋ.

"ಅತ್ತಿಗೆಗೆ ಏನು ಹೇಳ್ತೀಯ?"

"ನೀನೇ ಬಿಟ್ಟೆ ಅಂತೀನಿ. ಕಣ್ಣು ಹೋದವನಿಗೆ ಯಾವ ಕ್ಲಬ್ಬು ಮಕ್ಕಳಿಗೆ ಕಲಿಸೋ ಕೆಲಸ ಕೊಡತ್ತೆ? ಅವಳಿಗೆ ಗೊತ್ತಾದ್ರೆ ಊರಿಗೇ ಗೊತ್ತಾಗತ್ತೆ. ನಿನಗೇನು, ಬೈಸಿಕೊಂಡು ಅಭ್ಯಾಸ ಇದೆ."

ಉದ್ದಣ್ಣನಿಗೆ ಸಿಟ್ಟು ಬಂತು. ಆದರೆ ಹೆಸರು ಬರೆಸುವ ದಿನ ಎಡಚ ಹೇಳಿದ ಹಾಗೆಯೇ ಮಾಡಿದ. ಮೇಜಿನ ಬಳಿ ಕಾಯುತ್ತಾ ನಿಂತವನನ್ನು ದಾಟಿ, ಹಿಂದಿನ ಬಾಗಿಲಿಂದ ಹೋದ.

*

"ನಾನು ಹೇಳ್ತೀನಿ," ಎಂದು ತಂತಿ ಮೇಷ್ಟ್ರು ಒಳಗೆ ಹೊರಟೇಬಿಟ್ಟ. ಉದ್ದಣ್ಣ ಅವನ ತೋಳು ಹಿಡಿದ.

ಅಷ್ಟರಲ್ಲಿ ಎಡಚನ ಮಗಳು ಟೀ ಲೋಟಗಳ ತಟ್ಟೆ ಹಿಡಿದು ಹೊರಗೆ ಬಂದಳು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಊರುಗೋಲು. ಒಂದು ಹನಿಯೂ ಚೆಲ್ಲಿರಲಿಲ್ಲ. ಶಾಲೆಯಲ್ಲಿ ಗಣಿತ ಕಲಿಸುವ ಅವಳಿಗೆ ಮಕ್ಕಳು ಇಟ್ಟ ಹೆಸರು ಟಕ್‌ಟಕ್ ಟೀಚರ್. ಅದನ್ನು ಅವಳೇ ಎಲ್ಲರಿಗೂ ಹೇಳಿ ನಗುತ್ತಿದ್ದಳು.

"ತಗೊಳ್ಳಿ ಉದ್ದಮಾಮ. ಅಮ್ಮನ ಮಾತು ಮನಸ್ಸಿಗೆ ಹಚ್ಚಿಕೋಬೇಡಿ."

ಚಿಕ್ಕವಳಿದ್ದಾಗ ಕರೆಯುತ್ತಿದ್ದ ಹೆಸರು. ಉದ್ದಣ್ಣ ಲೋಟ ತೆಗೆದುಕೊಂಡ. ಅವಳು ಗೋಡೆಗೊರಗಿ, ಅಪ್ಪ ಕೊನೆಯ ದಿನ ಹೇಗಿದ್ದರು ಎಂದು ಹೇಳತೊಡಗಿದಳು. ಅಂಗಳದ ಬದಿಯ ಬೆಂಚಿನ ಮೇಲೆ ಎದೆನೋವೆಂದು ಕೂತರಂತೆ. ಮಕ್ಕಳು ನೀರು ತರುವಷ್ಟರಲ್ಲಿ ಮುಗಿದಿತ್ತಂತೆ. ಆಮೇಲೆ ಕೋಲಿನ ತುದಿಯಿಂದ ಮೆಟ್ಟಿಲನ್ನು ಮೆಲ್ಲಗೆ ಕುಟ್ಟಿದಳು.

"ಅವತ್ತು ಲಾರಿ ಬಂದಾಗ ಅಪ್ಪ ಆ ಕ್ಷಣಕ್ಕೆ ಕಾರು ತಿರುಗಿಸದೇ ಇದ್ದಿದ್ರೆ ನಾನು ಉಳೀತಾನೇ ಇರಲಿಲ್ಲ. ಕಾಲು ನೋವು ಬಂದಾಗೆಲ್ಲ ಅದನ್ನೇ ನೆನೆಸ್ಕೋತೀನಿ. ಸಿಟ್ಟು ಹೋಗಿಬಿಡತ್ತೆ."

ಅವಳು ತಟ್ಟೆ ಹಿಡಿದು ಮುಂದಿನವರ ಬಳಿ ಹೋದಳು. ತಂತಿ ಮೇಷ್ಟ್ರು ಅವಳ ಕಾಲನ್ನೇ ನೋಡುತ್ತಿದ್ದ.

"ಲಾರಿ ಯಾವ ಕಡೆಯಿಂದ ಬಂದಿತ್ತು?" ಎಂದು ನಿಧಾನಕ್ಕೆ ಕೇಳಿದ.

ಉದ್ದಣ್ಣ ಮುಖವನ್ನು ಓಣಿಯತ್ತ ತಿರುಗಿಸಿದ. ಮೇಷ್ಟ್ರು ಲೋಟವನ್ನು ಕಟ್ಟೆಯ ಮೇಲಿಟ್ಟು, ಬೇಡದಿದ್ದರೂ ಕನ್ನಡಕ ಒರೆಸಿಕೊಂಡ. ಮತ್ತೆ ಒಳಗೆ ಹೋಗುವ ಮಾತು ಎತ್ತಲಿಲ್ಲ.

*

ಲಾರಿ ಬಲಗಡೆಯ ಅಡ್ಡರಸ್ತೆಯಿಂದ ಬಂದಿತ್ತು. ಉದ್ದಣ್ಣ ಸುದ್ದಿ ತಿಳಿದು ಆಸ್ಪತ್ರೆಗೆ ಹೋದಾಗ ಎಡಚನ ಹೆಂಡತಿ ಮೇಲಿನ ಮಹಡಿಯಲ್ಲಿ ಮಗಳ ಹಾಸಿಗೆಯ ಪಕ್ಕದಲ್ಲಿದ್ದಳು. ಎಡಚ ಕೆಳಗೆ, ಬಟ್ಟೆ ಒಗೆಯುವ ಕೋಣೆಯ ಹಿಂದೆ, ಒಬ್ಬನೇ ನಿಂತಿದ್ದ. ಅಂಗಿಯ ಮೇಲೆ ಇನ್ನೂ ಗಾಜಿನ ಚೂರುಗಳಿದ್ದವು.

"ನನಗೆ ಕಾಣಲೇ ಇಲ್ಲ ಕಣೋ. ಆ ಕಡೆ ರಸ್ತೆಯೇ ಇರಲಿಲ್ಲ. ಬಡಿದ ಮೇಲೆ ತಿರುಗಿಸಿದೆ. ಎಲ್ಲರೂ ನಾನು ಉಳಿಸಿದೆ ಅಂತಿದಾರೆ."

ಉದ್ದಣ್ಣ ಬೈಯಬಹುದಿತ್ತು. ಆ ಕಣ್ಣಿಟ್ಟುಕೊಂಡು ಮಗುವನ್ನು ಕೂರಿಸಿಕೊಂಡು ಯಾಕೆ ಓಡಿಸಿದೆ ಎಂದು ಕೇಳಬಹುದಿತ್ತು. ಕೇಳಲು ಬಾಯಿ ತೆರೆದೂ ಇದ್ದ. ಎಡಚ ಅವನ ಅಂಗಿಯ ಗುಂಡಿ ಹಿಡಿದುಕೊಂಡಿದ್ದ, ಬಿಟ್ಟರೆ ಬಿದ್ದುಹೋಗುವವನ ಹಾಗೆ. ಮಗಳಿಗೆ ಇದು ಯಾವತ್ತೂ ಗೊತ್ತಾಗಬಾರದು ಎಂದ. ಆಮೇಲೆ ಎಡಚ ಸ್ಟಿಯರಿಂಗ್ ಮುಟ್ಟಲಿಲ್ಲ. ಊರವರು ಪಾಪ, ಹೆದರಿಬಿಟ್ಟಿದ್ದಾನೆ ಎಂದುಕೊಂಡರು.

*

ಎಡಚನ ಹೆಂಡತಿಯ ತಮ್ಮ ಬರಲಿಲ್ಲ. ಫೋನ್ ಬಂತು. ದಾರಿಯಲ್ಲಿ ಎಲ್ಲೋ ಸೇತುವೆಯ ಮೇಲೆ ಗಾಡಿಗಳೆಲ್ಲ ನಿಂತುಬಿಟ್ಟಿವೆ, ತನಗಾಗಿ ಕಾಯುವುದು ಬೇಡ ಎಂದ. ವಾಹನದ ಚಾಲಕ ಈ ಸಲ ಬಾಗಿಲ ತನಕ ಬಂದು ಕೈಕಟ್ಟಿ ನಿಂತ.

ಎಡಚನ ಹೆಂಡತಿ ಫೋನನ್ನು ಕುರ್ಚಿಯ ಮೇಲಿಟ್ಟಳು. ಪೆಟ್ಟಿಗೆಯನ್ನು ದಾಟಿ ಉದ್ದಣ್ಣನ ಎದುರು ಬಂದು ನಿಂತಳು. ಅವನ ಮುಖ ನೋಡಲು ಅವಳು ಕತ್ತೆತ್ತಬೇಕಾಯಿತು.

"ಒಂದು ಮಾತು ಕೇಳ್ತೀನಿ. ಇವರು ಬದುಕಿದ್ದಷ್ಟು ದಿನ ಕೇಳಿದೆ, ಹೋಗಲಿ ಬಿಡು ಅಂದ್ರೇ ಹೊರತು ಏನೂ ಹೇಳಲಿಲ್ಲ. ನೀವು ಹೇಳಿ. ಯಾಕೆ ಬಿಟ್ಟಿರಿ? ಕಾರಣ ಅನ್ನೋ ಅಂಥದ್ದು ಏನಾದರೂ ಇದ್ರೆ, ಆ ಹಿಡಿ ನಿಮ್ಮದೇ."

ಕೋಣೆಯಲ್ಲಿ ಎಲ್ಲರೂ ಕೇಳುತ್ತಿದ್ದರು. ತಂತಿ ಮೇಷ್ಟ್ರು ನೆಲ ನೋಡುತ್ತಿದ್ದ. ಮಗಳು ಬಾಗಿಲ ಚೌಕಟ್ಟಿಗೆ ಭುಜ ಆನಿಸಿ, ತುಸು ಮುಂದೆ ಬಾಗಿ ನಿಂತಿದ್ದಳು. ಅವಳೂ ಉತ್ತರ ಕಾಯುತ್ತಿದ್ದಳು. ಒಂದು ಒಳ್ಳೆಯ ಕಾರಣ ಸಿಕ್ಕರೆ ಸಾಕು ಎಂಬ ಆಸೆ ಮುಖದಲ್ಲೇ ಕಾಣುತ್ತಿತ್ತು.

ಉದ್ದಣ್ಣನ ಕೈ ತಾನಾಗಿಯೇ ಹಿಡಿಯತ್ತ ಹೋಗಿತ್ತು. ಅದನ್ನು ಹಿಂದಕ್ಕೆ ತೆಗೆದು ಇನ್ನೊಂದು ಕೈಯಲ್ಲಿ ಹಿಡಿದುಕೊಂಡ.

"ಇನ್ನೂ ಗೆಲ್ಲೋ ಆಸೆ ಇತ್ತು ಅತ್ತಿಗೆ. ಅಷ್ಟೇ."

"ಗೆದ್ರಾ?"

"ಇಲ್ಲ."

ಅವಳು ತಲೆಯಾಡಿಸಿದಳು. ಸಿಟ್ಟಿನಿಂದಲ್ಲ, ಬಹಳ ದಿನದಿಂದ ಗೊತ್ತಿದ್ದದ್ದನ್ನೇ ಕೇಳಿಸಿಕೊಂಡವಳ ಹಾಗೆ. "ಸರಿ. ಪಕ್ಕಕ್ಕೆ ನಿಂತ್ಕೊಳ್ಳಿ," ಎಂದಳು.

"ಅಮ್ಮ, ನಾನು ಹಿಡೀತೀನಿ," ಎಂದು ಮಗಳು ಮುಂದೆ ಬಂದಳು.

ಆ ಕಾಲಿನಲ್ಲಿ ಹೇಗೆ ಹೊರುತ್ತೀಯ ಎಂದು ಬಡಗಿ ಕೇಳಿದ. ಓಣಿ ಏನು ಮೈಲಿ ಉದ್ದ ಇದೆಯಾ ಎಂದು ಅವಳು ತಿರುಗಿಸಿ ಕೇಳಿದಳು. ಕುಂಟುವ ಕಡೆ ಭಾರ ಕಡಿಮೆ ಬೀಳಲೆಂದು ತಂತಿ ಮೇಷ್ಟ್ರು ತಾನು ಹಿಂದಕ್ಕೆ ಸರಿದು ಅವಳಿಗೆ ಮುಂದಿನ ಮೂಲೆ ಬಿಟ್ಟುಕೊಟ್ಟ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎರಡೂ ಕೈ ಬೇಕಾಗಿತ್ತು. ಸುತ್ತ ನೋಡಿದಳು. ಹತ್ತಿರದಲ್ಲಿ ಕೈ ಖಾಲಿ ಇದ್ದವನು ಒಬ್ಬನೇ.

"ಇದನ್ನ ಹಿಡ್ಕೊಳ್ಳಿ," ಎಂದು ಕೋಲನ್ನು ಉದ್ದಣ್ಣನ ಕೈಗೆ ಕೊಟ್ಟಳು. ಈ ಸಲ ಮಾಮ ಎನ್ನಲಿಲ್ಲ.

ನಾಲ್ವರೂ ಬಗ್ಗಿ ಎತ್ತಿದರು. ಪೆಟ್ಟಿಗೆ ಮುಂದಿನ ಮೂಲೆಯಲ್ಲಿ ಸ್ವಲ್ಪ ವಾಲಿತು, ಆಮೇಲೆ ನೇರವಾಯಿತು. ಅವಳ ಪ್ರತಿ ಹೆಜ್ಜೆಗೂ ಅದು ದೋಣಿಯ ಹಾಗೆ ಒಮ್ಮೆ ಇಳಿದು ಒಮ್ಮೆ ಏರುತ್ತಾ ಸ್ಕೂಟರುಗಳ ನಡುವೆ ಸಾಗಿತು. ಎಲ್ಲರ ಹಿಂದೆ, ತನ್ನ ತೊಡೆಯ ಮಟ್ಟಕ್ಕಷ್ಟೇ ಬರುವ ಆ ಕೋಲನ್ನು ನೆಲಕ್ಕೆ ತಾಗಿಸದೆ ಎರಡೂ ಕೈಯಲ್ಲಿ ಹಿಡಿದು ಉದ್ದಣ್ಣ ನಡೆದ.

ಎಡಚನಿಗೆ ಹೆಗಲು ಕೊಡುತ್ತೇನೆಂದು ಕೊಟ್ಟಿದ್ದ ಮಾತನ್ನು ಅವನು ನಡೆಸಲಿಲ್ಲ.