ವಿಭೂತಿ ಹಚ್ಚಿಸಿಕೊಂಡ ಮೆಟ್ಟಿಲ ದೀಪ

ನಾನು ಹುಟ್ಟುವ ಮೊದಲೇ ನನ್ನ ಗುಣಗಾನ ಅಚ್ಚಾಗಿತ್ತು. ನಾನೊಂದು ತುರ್ತು ದೀಪ. ಕರೆಂಟು ಹೋದ ಕೂಡಲೇ ಮೆಟ್ಟಿಲ ಮೇಲೆ ತಾನಾಗಿ ಹತ್ತಿಕೊಳ್ಳುತ್ತದಲ್ಲ, ಆ ಜಾತಿ. ಕಾರ್ಖಾನೆಯಲ್ಲಿ ನನ್ನ ಹೊಟ್ಟೆಗೆ ಬ್ಯಾಟರಿ ಇಟ್ಟು ಮುಚ್ಚಳ ಬಿಗಿದು ಡಬ್ಬಿಯಲ್ಲಿ ಮಲಗಿಸಿದಾಗ, ನನ್ನ ಕೆಳಗೆ ನುಣ್ಣನೆಯ ಬಣ್ಣದ ಪುಸ್ತಕವೊಂದಿತ್ತು. ಅದರ ಮುಖಪುಟದಲ್ಲಿದ್ದ ಫೋಟೋ ನನ್ನದಂತೆ. ನನಗಂತೂ ಗುರುತು ಸಿಗಲಿಲ್ಲ. ಅಷ್ಟು ಚೆಂದ ನಾನಿಲ್ಲ.

ಡಬ್ಬಿ ಒಡೆದವನು ವಾದಿರಾಜ, ಹುಬ್ಬಳ್ಳಿ ಕಡೆ ನಮ್ಮನ್ನು ಮಾರುವ ಹುಡುಗ. ಒಳ್ಳೆಯವನು. ಯಾರ ಮುಂದಾದರೂ ಇಡುವ ಮೊದಲು ತನ್ನ ಕರ್ಚೀಫಿನಿಂದ ನನ್ನ ಮುಖ ಒರೆಸುತ್ತಿದ್ದ. ಅವನ ಚೀಲದಲ್ಲಿ ಊರೂರು ತಿರುಗಿ ಕೊನೆಗೆ ಶಾಲ್ಮಲಾ ಡಾಕ್ಟರ ಹೆರಿಗೆ ಆಸ್ಪತ್ರೆಗೆ ಬಂದೆ.

ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಅಮಾವಾಸ್ಯೆಯ ಸಂಜೆ ಪೂಜೆಯಾದ ಮೇಲೆ ಮೆಟ್ಟಿಲ ಕಡೆಯ ಕರೆಂಟು ತೆಗೆಯುತ್ತಿದ್ದರು. ಡಾಕ್ಟರು, ನರ್ಸುಗಳು, ಆಯಾ ಫಕೀರವ್ವ ಎಲ್ಲರೂ ಹಳೆಯ ತುರ್ತು ದೀಪಗಳ ಬೆಳಕಿನಲ್ಲಿ ಮಹಡಿಯಿಂದ ಸಾಲಾಗಿ ಇಳಿಯಬೇಕು. ಕೆಳಗೆ ಮುಟ್ಟಿದವರಿಗೆ ಪ್ರಸಾದ. ಎಲ್ಲಿ ಕಾಲು ತಡವರಿಸಿತೋ ಅಲ್ಲಿನ ದೀಪ ಮರುದಿನ ರಿಪೇರಿಗೆ.

ವಾದಿರಾಜ ಇದನ್ನು ಕೇಳಿ ನಕ್ಕ. "ಇನ್ನ ಮ್ಯಾಲೆ ಈ ತ್ರಾಸ ಬ್ಯಾಡ್ರಿ ಮೇಡಂ. ಎಲ್ಲಾ ದೀಪಕ್ಕೂ ವೈರ್ ಎಳದು ಆಫೀಸಿನ್ಯಾಗ ಒಂದು ಪ್ಯಾನಲ್ ಕೂಡಸ್ತೀವಿ. ಅದ ಎಲ್ಲಾ ಪರೀಕ್ಷಾ ಮಾಡ್ತೈತಿ. ಹಸರ ಇತ್ತಂದ್ರ ದೀಪ ಛಲೋ ಐತಿ ಅಂತ ತಿಳೀರಿ."

ಡಾಕ್ಟರು ಬಣ್ಣದ ಪುಸ್ತಕ ಓದಿದರು. ಅವನು ಒಂದು ಪತ್ರಿಕೆಯ ಲೇಖನವನ್ನೂ ಕೊಟ್ಟ. ಹಳೆಯ ದೀಪಗಳನ್ನೂ ನಮ್ಮನ್ನೂ ಹೋಲಿಸಿದ ಪಟ್ಟಿ ಕೊಟ್ಟ. ಮೂರರಲ್ಲೂ ಒಂದೇ ಮಾತು. ಮೂವರು ಹೇಳಿದ ಮೇಲೆ ಸುಳ್ಳಿರುತ್ತದೆಯೇ ಎಂದು ಡಾಕ್ಟರು ಒಪ್ಪಿದರು. ಮೂರನ್ನೂ ಬರೆದದ್ದು ನಮ್ಮ ಕಂಪನಿಯೇ ಎಂದು ಚೀಲದಲ್ಲಿದ್ದ ನನಗೆ ಗೊತ್ತಿತ್ತು. ಆದರೆ ದೀಪವನ್ನು ಯಾರು ಕೇಳುತ್ತಾರೆ?

ಹೀಗೆ ನಾನು ಮಹಡಿಯ ಮೆಟ್ಟಿಲ ತಿರುವಿಗೆ ಏರಿದೆ. ಅಮಾವಾಸ್ಯೆಯ ಪೂಜೆ ಉಳಿಯಿತು, ಕತ್ತಲಲ್ಲಿ ಇಳಿಯುವುದು ನಿಂತಿತು. ಪ್ಯಾನಲ್ಲು ಆಗಾಗ ವೈರಿನೊಳಗಿಂದ ನನ್ನನ್ನು ಕೂಗುತ್ತಿತ್ತು: ಬ್ಯಾಟರಿ ಇದೆಯೇ? ಇದೆ. ಹತ್ತುತ್ತೀಯಾ? ಹತ್ತುತ್ತೇನೆ. ಅದು ಕೇಳುತ್ತಿದ್ದುದು ಅಷ್ಟೇ. ನಿನ್ನ ಬೆಳಕಿನಲ್ಲಿ ಮೆಟ್ಟಿಲು ಕಾಣುತ್ತದೆಯೇ ಎಂದು ಅದು ಒಮ್ಮೆಯೂ ಕೇಳಲಿಲ್ಲ.

ನನ್ನನ್ನು ನಿಜವಾಗಿ ಮುದ್ದು ಮಾಡಿದವಳು ಫಕೀರವ್ವ. ಆಯುಧಪೂಜೆ ಬಂತು. ಸ್ಟ್ರೆಚರಿಗೆ, ತಕ್ಕಡಿಗೆ, ಜನರೇಟರಿಗೆ ಪೂಜೆಯಾದ ಮೇಲೆ ಅವಳು ಸ್ಟೂಲು ಹತ್ತಿ ನನ್ನ ಹಣೆಗೂ ದಪ್ಪಗೆ ವಿಭೂತಿ ಎಳೆದಳು, ಕುಂಕುಮ ಇಟ್ಟಳು. ಚೆಂಡು ಹೂವಿನ ಮಾಲೆಯನ್ನು ಎರಡು ಸುತ್ತು ಸುತ್ತಿದಳು. "ನೀನೂ ದುಡೀತಿ ನಮ್ಮಪ್ಪಾ," ಅಂದಳು. ನನ್ನ ಜೀವನದಲ್ಲಿ ಅಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ.

ಮರುದಿನ ಬನ್ನಿ ಹಬ್ಬ. ಒಳ್ಳೆಯ ದಿನವೆಂದು ನೀಲಗಂಗಾ ಎಂಬ ಬಾಣಂತಿ ಮನೆಗೆ ಹೊರಟಿದ್ದಳು. ಅವಳ ತಾಯಿ ಶಂಕ್ರವ್ವ ಕೂಸನ್ನು ಎತ್ತಿಕೊಂಡು ಮುಂದೆ ಇಳಿಯುತ್ತಿದ್ದಳು. ಬೀಳ್ಕೊಡಲು ಡಾಕ್ಟರೂ ಹಿಂದೆ ಇದ್ದರು. ದೀಪ ಹಚ್ಚುವ ಹೊತ್ತು. ನನ್ನ ತಿರುವಿಗೆ ಬರುವಷ್ಟರಲ್ಲಿ ಕರೆಂಟು ಹೋಯಿತು.

ನಾನು ಹತ್ತಿದೆ. ಇದ್ದ ಶಕ್ತಿಯೆಲ್ಲ ಹಾಕಿ ಹತ್ತಿದೆ. ಬೆಳಕೆಲ್ಲ ಮುಖ ಮುಚ್ಚಿದ್ದ ಹೂವಿಗೇ ಹೋಯಿತು, ಮೆಟ್ಟಿಲು ಕತ್ತಲಲ್ಲೇ ಉಳಿಯಿತು. ಶಂಕ್ರವ್ವನ ಕಾಲು ಜಾರಿತು. "ಯವ್ವಾ, ಕೂಸು" ಎಂದು ನೀಲಗಂಗಾ ಚೀರಿದಳು. ಕೆಳಗೆ ಆಫೀಸಿನಲ್ಲಿ ಪ್ಯಾನಲ್ಲಿನ ಮುಂದಿದ್ದ ಗುಮಾಸ್ತ ಕೂಗಿ ಹೇಳಿದ: "ಅಂಜಬ್ಯಾಡ್ರಿ, ಎಲ್ಲಾ ದೀಪ ಹತ್ಯಾವು. ಇಲ್ಲಿ ಹಸರ ತೋರಸಾಕತ್ತೈತಿ."

ಡಾಕ್ಟರು ಗೋಡೆ ತಡವುತ್ತ ಇಳಿದು ನನ್ನ ಮಾಲೆ ಕಿತ್ತರು. ಶಂಕ್ರವ್ವ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. ಮೊಣಕೈ ತರಚಿತ್ತು. ಕೂಸನ್ನು ಮಾತ್ರ ಎದೆಗೆ ಅವುಚಿಕೊಂಡಿದ್ದಳು. ಅದು ಒಮ್ಮೆ ಆಕಳಿಸಿ ಮತ್ತೆ ನಿದ್ದೆಹೋಯಿತು. ನನಗೆ ಹೋದ ಜೀವ ಬಂತು.

ಫಕೀರವ್ವ ಅಳತೊಡಗಿದಳು. "ನನ್ನಿಂದಾತ್ರಿ ಅವ್ವಾರ."

"ನಿನ್ನೆಯಿಂದ ನಾನೂ ಇದರ ಕೆಳಗ ಅಡ್ಡ್ಯಾಡೀನಿ," ಅಂದರು ಡಾಕ್ಟರು. "ಹಸರ ಐತಲ್ಲ ಅಂತ ತಲಿ ಎತ್ತಿ ನೋಡಲಿಲ್ಲ."

ಹಬ್ಬ ಮುಗಿದ ಮೇಲೆ ವಾದಿರಾಜನನ್ನು ಕರೆಸಿದರು. ಅವನು ತಲೆ ತಗ್ಗಿಸಿಯೇ ಕೂತಿದ್ದ. "ಹತ್ತೇತೋ ಇಲ್ಲೋ ಅನ್ನೋದ ಪ್ಯಾನಲ್ಲಿಗೆ ಗೊತ್ತಾಗ್ತೈತ್ರಿ. ಬೆಳಕು ಎಲ್ಲಿ ಬೀಳ್ತೈತಿ ಅನ್ನೋದು ಗೊತ್ತಾಗೂದಿಲ್ರಿ."

"ಇದು ನಿಮ್ಮ ಪುಸ್ತಕದಾಗ ಯಾಕ ಇಲ್ಲ?"

"ಮೇಡಂ, ಪುಸ್ತಕ ಬರದವರು ನಾವರಿ. ನಮ್ಮ ಕೊರತಿ ನಾವ ಹೆಂಗ ಬರೀತೀವ್ರಿ?"

ಡಾಕ್ಟರಿಗೆ ನಗು ಬಂತು, ಜೊತೆಗೆ ತಮ್ಮ ಮೇಲೇ ಸಿಟ್ಟೂ ಬಂತು. "ದಿನಾ ಔಷಧ ಕಂಪನಿಯವರು ಬಂದು ಕುಂದರ್ತಾರ. ಬರೇ ಅವರ ಕಾಗದ ನೋಡಿ ಒಂದು ಗುಳಿಗೀನೂ ಬರ್ಯಾಕಿ ಅಲ್ಲ ನಾನು. ದೀಪದವನು ಬಂದಾಗ ನನ್ನ ಬುದ್ಧಿ ಎಲ್ಲಿ ಹೋಗಿತ್ತೋ."

ಪ್ಯಾನಲ್ಲನ್ನು ಅವರು ಕಿತ್ತು ಹಾಕಲಿಲ್ಲ. ಅದಕ್ಕೆ ಗೊತ್ತಿದ್ದಷ್ಟನ್ನು ಅದು ನಿಯತ್ತಾಗಿ ಹೇಳುತ್ತಿತ್ತು. ಅದರ ಜೊತೆಗೆ ಅಮಾವಾಸ್ಯೆಯ ಸಂಜೆ ಕತ್ತಲಲ್ಲಿ ಇಳಿಯುವುದೂ ಮತ್ತೆ ಶುರುವಾಯಿತು. ಮೊದಲ ಸಲ ವಾದಿರಾಜನೂ ಬಂದು ಇಳಿದು ಪ್ರಸಾದ ತಿಂದು ಹೋದ.

ವರ್ಷಗಳು ಕಳೆದು ನನ್ನ ಬ್ಯಾಟರಿ ಸೋತಾಗ ಅದನ್ನು ಮೊದಲು ಕಂಡುಹಿಡಿದದ್ದೂ ಆ ಪ್ಯಾನಲ್ಲೇ. ನನ್ನ ಜಾಗಕ್ಕೆ ಹೊಸಬ ಬಂದ. ನನ್ನನ್ನು ಗುಜರಿಗೆ ಹಾಕಲು ಫಕೀರವ್ವ ಬಿಡಲಿಲ್ಲ. ಈಗ ಡಾಕ್ಟರ ಕೋಣೆಯ ಕಪಾಟಿನ ಮೇಲಿದ್ದೇನೆ, ಅಂಚಿನಲ್ಲಿ ಇನ್ನೂ ಒಂದಿಷ್ಟು ವಿಭೂತಿ ಇದೆ. ಯಾರಾದರೂ ಬಂದು ಬಣ್ಣದ ಕಾಗದ ಹರಡಿದರೆ ಡಾಕ್ಟರು ನನ್ನ ಕಡೆ ಒಮ್ಮೆ ನೋಡುತ್ತಾರೆ. "ಇದನ್ನ ನಿಮ್ಮನ್ನ ಬಿಟ್ಟು ಬ್ಯಾರೆ ಯಾರು ಹೇಳ್ಯಾರ?" ಎಂದು ಕೇಳುತ್ತಾರೆ.

ನೀವೂ ಇಷ್ಟು ಹೊತ್ತು ನನ್ನ ಮಾತು ಕೇಳಿದಿರಿ. ದೀಪದ ವಿಷಯ ದೀಪವೇ ಹೇಳಿದ್ದು, ಅಷ್ಟಕ್ಕೇ ನಂಬಬೇಡಿ. ನಿಮ್ಮ ಮೆಟ್ಟಿಲ ಕಡೆಯ ಕರೆಂಟನ್ನು ಒಂದು ಸಂಜೆ ತೆಗೆಯಿರಿ. ಕೂಸು ಎತ್ತಿಕೊಂಡವರ ಹಾಗೆ ನಿಧಾನವಾಗಿ ಇಳಿದು ನೋಡಿ.